ತಾನಾಗಿಯೇ ತೆರೆದ ಬಾಗಿಲು

"ನಾಗವೇಣಿ ಅಂದ್ರ ನೀವ ಏನ್ರಿ?"

ಮಾನ್ವಿ ಬಸ್ ನಿಲ್ದಾಣದ ಗದ್ದಲದಲ್ಲಿ ತನ್ನ ಹೆಸರು ಕೇಳಿ ಅವಳು ತಲೆ ಎತ್ತಿದಳು. ಬಿಸಿಲಿಗೆ ಕೆಂಪೇರಿದ ಮುಖದ ಯುವಕನೊಬ್ಬ ಎದುರಿಗೆ ನಿಂತಿದ್ದ.

"ನಾನು ಅನಿಲಕುಮಾರ. ದೇವದುರ್ಗದಾಂವ. ನಿನ್ನಿ ವಿಡಿಯೊದಾಗ ನೀವು ಸೋಮಾರಿ ಅಂದ್ರಲ್ಲ... ಆ ಸೋಮಾರಿ ನಾನ ನೋಡ್ರಿ!"

ಇವನೇನಾ! ಇಷ್ಟು ತಿಂಗಳು ಮೆಸೇಜಿನಲ್ಲೇ ನಗಿಸಿದವನು ಮೊದಲ ಸಲ ಕಣ್ಣೆದುರು ಬಂದದ್ದು ಹೀಗಾ?

ನಾಗವೇಣಿ ಮಾನ್ವಿಯ ಚಿಕ್ಕ ಆಸ್ಪತ್ರೆಯೊಂದರಲ್ಲಿ ನರ್ಸು. ದಿನಾ ರಾಯಚೂರಿನಿಂದ ಬಸ್ಸಿನಲ್ಲಿ ಬಂದು ಹೋಗುವಾಗ ಮೊಬೈಲಿನಲ್ಲಿ ಗೇಮ್ ಆಡುವುದೊಂದೇ ಅವಳ ಹುಚ್ಚು. ಪೂರ್ತಿ ಆಡಿ ಮುಗಿಸದೆ ತೀರ್ಪು ಕೊಡಬಾರದೆಂಬುದು ಅವಳ ಹಟ. ಮುಗಿಸಿದ ಮೇಲೆ ಮಾತ್ರ ತನ್ನ ಚಾನೆಲ್‌ನಲ್ಲಿ ಯಾರ ಮುಲಾಜೂ ಇಲ್ಲದೆ ಹೇಳಿಬಿಡುತ್ತಿದ್ದಳು.

ಆ ಮಾತಿಗೇ ಮರುಳಾಗಿ ಅನಿಲ ಮೆಸೇಜು ಕಳಿಸಲು ಶುರು ಮಾಡಿದ್ದ. ದೇವದುರ್ಗದ ಫೋಟೊ ಸ್ಟುಡಿಯೊದಲ್ಲಿ ಕೆಲಸ ಮಾಡುತ್ತಾ, ಬಿಡುವಿನಲ್ಲಿ ಕುಳಿತು ಅವನು ಕಟ್ಟಿದ ಗೇಮ್ 'ಕತ್ತಲಕೋಟೆ'. ನಿನ್ನೆಯ ವಿಡಿಯೊದಲ್ಲಿ ಅವಳು ಸೋಮಾರಿಯ ಕೆಲಸ ಎಂದದ್ದು ಇದನ್ನೇ. ದೀಪ ಹಿಡಿದ ಹುಡುಗಿಯೊಬ್ಬಳು ಪಾಳು ಕೋಟೆಯಲ್ಲಿ ಒಗಟು ಬಿಡಿಸುತ್ತಾ, ಒಂದೊಂದೇ ಬಾಗಿಲು ದಾಟಿಕೊಂಡು ಹೋಗಬೇಕು.

"ನಾ ಸುಳ್ಳು ಹೇಳಿಲ್ರಿ," ಎಂದಳು. ದಿನವಿಡೀ ನಿಂತು ದನಿಯೂ ಸೋತಿತ್ತು. "ಕೋಟಿ, ಕತ್ತಲ, ಆ ದೀಪದ ಬೆಳಕು... ಎಲ್ಲಾ ಭಾಳ ಚಂದ ಅದ. ಕಡೀ ಬಾಗಿಲಿಗಿ ಬಂದು ನೀವು ಕೈ ಬಿಟ್ರಿ. ಕಟ್ಟಿ ಮ್ಯಾಲ ಒಬ್ಬ ಮುದುಕಿ ಕುಂತಾಳ, ಬಾಜೂಕ ನೀರಿನ ಚರಿಗಿ. ಏನ್ ಒತ್ತಿದ್ರೂ ಏನೂ ಆಗಲಿಲ್ಲ! ಸಾಕಾಗಿ ಬಸ್ಸಿನ್ಯಾಗ ಹಂಗ ನಿದ್ದಿ ಹತ್ತಿತು. ಎಚ್ಚರಾಗಿ ನೋಡಿದ್ರ ಬಾಗಿಲು ತಾನ ತೆರದದ! ಇದು ಒಗಟೇನ್ರಿ?"

ಅವನು ಅವಳನ್ನೇ ನೋಡಿದ. ಕೋಪ ಇಳಿದು ಮುಖದಲ್ಲಿ ಬರೀ ಸುಸ್ತು ಉಳಿಯಿತು.

"ಮುದುಕಿ ಏನಂದ್ಲು, ಕೇಳಲಿಲ್ಲೇನು?"

"ಮುದುಕಿ... ಮಾತಾಡ್ತಾಳೇನ್ರಿ?"

ಆಸ್ಪತ್ರೆಯಲ್ಲಿ ಫೋನಿನ ಸದ್ದು ಬಂದ್ ಮಾಡಿಡುವ ರೂಢಿ ಬಸ್ಸಿಗೂ ಬಂದಿತ್ತು. ಇಡೀ ಆಟವನ್ನು ಅವಳು ಸದ್ದೇ ಇಲ್ಲದೆ ಮುಗಿಸಿದ್ದಳು!

"ಇರ್ಲಿ ಬಿಡ್ರಿ," ಎಂದ ಅನಿಲ. "ಆ ಗೇಮ್ ತಗದುಬಿಡ್ತೀನಿ. ಯಾರ ಸಲುವಾಗಿ ಮಾಡಿದ್ನೋ ಅವರಿಗೇ ಮುಟ್ಟಲಿಲ್ಲ."

ಅವಳು ಬಾಯಿ ತೆರೆಯುವಷ್ಟರಲ್ಲಿ ದೇವದುರ್ಗದ ಬಸ್ಸು ಹತ್ತಿಬಿಟ್ಟಿದ್ದ.

ಯಾರ ಸಲುವಾಗಿ...?

ರಾಯಚೂರಿನ ಬಸ್ಸಿನಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮತ್ತೆ ಕಡೆಯ ಬಾಗಿಲಿಗೆ ಹೋದಳು. ಮುದುಕಿಯ ದನಿ ಮೆಲ್ಲಗೆ ಕೇಳಿಸಿತು.

"ಬಾ ಯವ್ವಾ... ಎಷ್ಟು ದಣದೀ! ಮೊದ್ಲ ಕುಂದ್ರು. ನೀರು ಕುಡಿ. ಬಾಗಿಲು ಎಲ್ಲಿ ಓಡಿ ಹೋಗ್ತದ?"

ಬಂದವರು ಕುಳಿತು ನೀರು ಕುಡಿಯುವ ತನಕ ಈ ಭಾಗದ ಮನೆಗಳಲ್ಲಿ ಯಾರೂ ಏನೂ ಕೇಳುವುದಿಲ್ಲ. ಇಲ್ಲಿಯೂ ಅಷ್ಟೇ. ಒತ್ತುವುದನ್ನು ಬಿಟ್ಟು ಸುಮ್ಮನೆ ಕೂತರೆ ಮಾತ್ರ ಬಾಗಿಲು ತೆರೆಯುತ್ತಿತ್ತು.

ಸಂಜೆಗಳಲ್ಲಿ ತಾನು ಅವನಿಗೆ ಬರೆಯುತ್ತಿದ್ದದ್ದು ನೆನಪಾಯಿತು. 'ಸಾಕಾಗ್ಯಾದ ಅನಿಲ್. ಮನಿಗಿ ಹೋದ್ರೂ ಕುಂದ್ರಾಕ ಆಗಂಗಿಲ್ಲ.' ಹೌದು, ಮನೆಯಲ್ಲಿ ಅಡುಗೆ, ಅಪ್ಪನ ಔಷಧಿ, ಒಗೆಯದ ಬಟ್ಟೆ ಕಾಯುತ್ತಿದ್ದವು. ಕುಂದ್ರು ಎನ್ನುವವರು ಒಬ್ಬರೂ ಇರಲಿಲ್ಲ. ಒಬ್ಬ ತನ್ನ ಆಟದಲ್ಲಿ ಅಂದಿದ್ದ... ಅದನ್ನೇ ತಾನು ಊರಿಗೆಲ್ಲ ಕೇಳುವಂತೆ ಸೋಮಾರಿತನ ಎಂದು ಜರಿದಿದ್ದಳು!

ದುಪಟ್ಟಾ ಬಾಯಿಗೆ ಒತ್ತಿಕೊಂಡು ಅತ್ತಳು. ಪಕ್ಕದ ಹೆಂಗಸು ಗಾಬರಿಯಾದಳು.

"ಯಾಕ ಬೇ, ಯಾರರ ಹೋದ್ರೇನು?"

"ಇಲ್ಲ ಯವ್ವಾ... ಹೋಗಾಕತ್ಯಾರ. ಹಿಡಕೋಬೇಕು!"

ಅವಳು ಕಳಿಸಿದ ಮೆಸೇಜಿಗೆ ಉತ್ತರ ಬರಲಿಲ್ಲ. ಗೇಮ್ ಕೂಡ ಎಲ್ಲ ಕಡೆಯಿಂದ ಮಾಯವಾಗಿ, ಅವಳ ಫೋನಿನಲ್ಲಷ್ಟೇ ಉಳಿಯಿತು. ಭಾನುವಾರ ಅವಳು ದೇವದುರ್ಗದ ಸ್ಟುಡಿಯೊ ಹುಡುಕಿಕೊಂಡು ಹೋದಳು. ಅನಿಲ ಯಾರದೋ ಮದುವೆಯ ಆಲ್ಬಮ್ ಜೋಡಿಸುತ್ತಿದ್ದ. ಅವಳನ್ನು ಕಂಡು ಎದ್ದವನು ಏನನ್ನೂ ಕೇಳಲಿಲ್ಲ. ಕುರ್ಚಿ ಎಳೆದು, ಗ್ಲಾಸಿನಲ್ಲಿ ನೀರು ತಂದಿಟ್ಟ.

ಅವಳು ಕುಳಿತು ಪೂರ್ತಿ ಕುಡಿದಳು.

"ಆ ದನಿ ಯಾರದ್ರಿ?"

"ನಮ್ಮವ್ವಂದು. 'ದಿನಾ ದಣದು ಬರೋ ಹುಡುಗಿ ನಮ್ಮ ಮನಿಗಿ ಬಂದ್ರ ಏನಂತಿ ಬೇ?' ಅಂತ ಕೇಳಿದೆ. ಹಂಗಂದ್ಲು. ಗೊತ್ತಾಗದಂಗ ರೆಕಾರ್ಡ್ ಮಾಡಿಕೊಂಡೆ."

ನಾಗವೇಣಿ ಖಾಲಿ ಗ್ಲಾಸು ಕೆಳಗಿಟ್ಟಳು.

"ಆ ವಿಡಿಯೊ ತಗದು ಹಾಕೀನ್ರಿ. ಈಗ ಸದ್ದು ಕೇಳಿ, ಮತ್ತ ಮೊದಲಿಂದ ಆಡಿ ಮುಗಿಸೀನಿ. ತೀರ್ಪು ಹೇಳಲೇನು?"

"ಹೇಳ್ರಿ. ಮುಲಾಜು ಬ್ಯಾಡ."

"ನನ್ನಂಥಾರು ಬಸ್ಸಿನ್ಯಾಗ ಸದ್ದಿಲ್ಲದ ಆಡ್ತಾರ. ಅವ್ವನ ಮಾತು ಅಕ್ಷರದಾಗೂ ಬರಬೇಕಿತ್ತು. ಅದು ನಿಮ್ಮ ತಪ್ಪು."

ಅವನಿಗೆ ತಡೆಯದೆ ನಗು ಬಂತು. "ಒಪ್ಪಿದೆ. ಮತ್ತ?"

"ಬಾಗಿಲು ತೆರದ ಕೂಡ್ಲೇ ಆಟ ಮುಗದುಬಿಡ್ತದ. ಒಳಗ ಯಾರೂ ಇಲ್ಲ. ಅಷ್ಟು ದಣದು ಬಂದಾಕಿ ಖಾಲಿ ಮನಿಗಿ ಹೋಗಬೇಕೇನು?"

ಅನಿಲ ತಲೆ ತಗ್ಗಿಸಿದ. "ನನ್ನ ನಾನ ಅಲ್ಲಿ ನಿಂದ್ರಿಸಿಕೊಳ್ಳಾಕ... ಧೈರ್ಯ ಸಾಲಲಿಲ್ರಿ."

ಎಷ್ಟೋ ದಿನಗಳ ಆಯಾಸ ಅವಳ ಕಣ್ಣಿನಿಂದ ಹರಿದು ಬಂತು. ಒರೆಸಿಕೊಳ್ಳಲಿಲ್ಲ.

"ನಿಂದ್ರಿಸ್ರಿ," ಎಂದಳು. "ನಾ ಒಳಗ ಬರ್ತೀನಿ."