೨೧೪ನೇ ಕೈದಿಯ ಹಾಳೆ

ಮಂಗಳವಾರ ಬೆಳಿಗ್ಗೆ ೧೦.೪೦ಕ್ಕೆ ದಾಖಲೆ ಕಚೇರಿಯ ಮೇಲ್ವಿಚಾರಕಿ ಠಾಣೆಗೆ ಬಂದು ದೂರು ಕೊಟ್ಟರು. ನೂರೈವತ್ತು ವರ್ಷಗಳ ಹಿಂದೆ ಹಡಗಿನಲ್ಲಿ ಗಡೀಪಾರಾಗಿ ಬಂದ ಕೈದಿಗಳ ಪುಸ್ತಕದಿಂದ ಒಂದೇ ಒಂದು ಹಾಳೆ ಕಳುವಾಗಿತ್ತು. ಒಂದು ಹಾಳೆಗೆ ಎಫ್‌ಐಆರೇ ಎಂದು ಕಾನ್‌ಸ್ಟೆಬಲ್ ಮುಖ ಹುಳ್ಳಗೆ ಮಾಡಿಕೊಂಡ. ಇನ್‌ಸ್ಪೆಕ್ಟರ್ ಬರೆಸಿಯೇ ಎದ್ದರು.

೧೧.೩೦ಕ್ಕೆ ಸ್ಥಳ ಪರಿಶೀಲನೆ. ಹೋದದ್ದು ೨೧೪ನೇ ಕೈದಿಯ ಹಾಳೆ.

"ಗುರುವಾರಕ್ಕೆ ಇದೇ ನಂಬರ್ ಕೇಳಿ ಒಬ್ಬ ಹುಡುಗಿ ಚೀಟಿ ಕೊಟ್ಟಿದಾಳೆ ಸಾರ್. ಕರ್ಕೊಂಡು ಬರ್ಲಾ?" ಕಾನ್‌ಸ್ಟೆಬಲ್‌ಗೆ ಆಗಲೇ ಕೇಸು ಮುಗಿದಿತ್ತು.

"ನಾಡಿದ್ದು ಕೈಗೇ ಸಿಗೋದನ್ನ ಯಾಕಯ್ಯ ಕದೀತಾಳೆ?"

ಇನ್‌ಸ್ಪೆಕ್ಟರ್ ಹಾಳೆ ಕತ್ತರಿಸಿದ ಬುಡವನ್ನು ಮುಟ್ಟಿ ನೋಡಿದರು. ಅಲ್ಲೊಂದು ತೆಳು ಕಾಗದದ ಪಟ್ಟಿ ಅಂಟಿಸಿದ್ದರು, ಅಂಟು ಇನ್ನೂ ಪೂರ್ತಿ ಒಣಗಿರಲಿಲ್ಲ.

"ಇದೇನಮ್ಮಾ?" ಎಂದು ಮೇಲ್ವಿಚಾರಕಿಯನ್ನು ಕೇಳಿದರು.

"ಒಂದು ಹಾಳೆ ಕತ್ತರಿಸಿದ್ರೆ ಅದರ ಜೋಡಿ ಹಾಳೆ ಸಡಿಲ ಆಗಿ ಉದುರುತ್ತೆ. ಅದಕ್ಕೆ ಪಟ್ಟಿ ಹಾಕಿದಾರೆ."

"ಭಲೆ. ಕದ್ದು, ರಿಪೇರಿನೂ ಮಾಡಿ ಹೋಗಿದಾನೆ. ಓದೋರ ಕೈಗೆ ಹೋಗೋ ಮುಂಚೆ ಪುಸ್ತಕ ಯಾರ ಹತ್ರ ಹೋಗುತ್ತೆ?"

"ಚೀಟಿ ಸಮೇತ ಬೈಂಡರ್ ಹತ್ರ, ಹಾಳೆ ಗಟ್ಟಿ ಇದೆಯಾ ನೋಡೋಕೆ. ಆದ್ರೆ ಅವರು ನಲವತ್ತು ವರ್ಷದಿಂದ ಇಲ್ಲಿದಾರೆ ಸಾರ್."

"ಅದಕ್ಕೇ ರಿಪೇರಿ ಮಾಡದೆ ಕೈ ಸುಮ್ಮನಿರಲಿಲ್ಲ," ಎಂದು ಇನ್‌ಸ್ಪೆಕ್ಟರ್ ಬೈಂಡಿಂಗ್ ಕೋಣೆಗೆ ನಡೆದರು.

ಮುದುಕ ಬೈಂಡರ್ ಇವರನ್ನು ಕಂಡದ್ದೇ ಕತ್ತರಿ ಕೆಳಗಿಟ್ಟ.

"ಯಜಮಾನ್ರೇ, ನಿನ್ನೆ ಈ ಪುಸ್ತಕ ಯಾರ ಹತ್ರ ಇತ್ತು?"

"ನನ್ನ ಹತ್ರ."

"ಹಾಳೆ?"

ಮುದುಕ ಒತ್ತುಯಂತ್ರದ ತಿರುಪು ಸಡಿಲಿಸಿದ. ಎರಡು ಹೀರುಕಾಗದಗಳ ನಡುವೆ ಹಾಳೆ ಸುಕ್ಕಿಲ್ಲದೆ ಮಲಗಿತ್ತು. "ಹರಿದು ಹಾಕೋಕೆ ಕೈ ಬರ್ಲಿಲ್ಲ."

"ಯಾಕೆ ಕತ್ತರಿಸಿದ್ರಿ?"

"ಚೀಟಿ ಕೊಟ್ಟೋಳು ನನ್ನ ಮೊಮ್ಮಗಳು. ಮನೇಲಿ ೨೧೪ ಅಂತ ಇರೋ ಹಿತ್ತಾಳೆ ಕೈದಿ ಬಿಲ್ಲೆ ಅವಳ ಕೈಗೆ ಸಿಕ್ತು. ನನ್ನ ಮುತ್ತಾತ ಕೂಲಿಗೆ ಬಂದೋರು ಅಂತ ಅವಳಿಗೆ ಹೇಳಿದ್ದೆ. ಕೊಲೆ ಮಾಡಿ ಬಂದೋರು ಅಂತ ನಮ್ಮಪ್ಪ ನನಗೆ ಹೇಳಿದ್ದು."

"ಹಾಳೇಲೂ ಹಾಗೇ ಇದೆಯಾ?"

"ಗೊತ್ತಿಲ್ಲ. ಹಳೇ ಗುಮಾಸ್ತರ ಕೊಕ್ಕೆ ಅಕ್ಷರ ನನಗೆ ಓದೋಕೆ ಬರಲ್ಲ, ಅಂಕಿ ಮಾತ್ರ ಬರುತ್ತೆ. ಇನ್ನೊಬ್ಬರ ಹತ್ರ ಓದಿಸೋಕೆ ನಾಚಿಕೆ."

೧೨.೫೦ಕ್ಕೆ ದಸ್ತಗಿರಿ. ಇನ್‌ಸ್ಪೆಕ್ಟರ್ ಮೊದಲೇ ಊಹಿಸಿದ್ದು ನಿಜವಾಗಿತ್ತು, ಆದರೂ ಅವರಿಗೆ ಹಿಗ್ಗು ಬರಲಿಲ್ಲ. ವಶಪಡಿಸಿಕೊಂಡ ಹಾಳೆಯಲ್ಲಿ ಏನಿದೆಯೆಂದು ಪಂಚನಾಮೆಯಲ್ಲಿ ನಮೂದಿಸಬೇಕು. ಮೇಲ್ವಿಚಾರಕಿ ಕನ್ನಡಕ ಏರಿಸಿಕೊಂಡು ಓದತೊಡಗಿದರು, ಕಾನ್‌ಸ್ಟೆಬಲ್ ಬರೆದುಕೊಂಡ.

"ವಯಸ್ಸು ಹದಿನೇಳು. ಎಡಗೈಯಲ್ಲಿ ಸುಟ್ಟ ಗಾಯದ ಗುರುತು. ಅಪರಾಧ, ಎರಡು ಕಂಬಳಿ ಕದ್ದದ್ದು."



"ಇನ್ನೊಂದು ಸಲ ಓದಿ ತಾಯೀ," ಎಂದ ಬೈಂಡರ್. ಅವರು ಓದಿದರು. ಮುದುಕ ಅಂಟು ಮೆತ್ತಿದ ಕೈಯಿಂದಲೇ ಕಣ್ಣೊರೆಸಿಕೊಂಡ.

ಕೃತ್ಯದ ಉದ್ದೇಶ ಏನೆಂದು ಬರೆಯಲಿ ಎಂದು ಕಾನ್‌ಸ್ಟೆಬಲ್ ಮೆಲ್ಲಗೆ ಕೇಳಿದ. 'ಮೊಮ್ಮಗಳ ಮುಂದೆ ತಲೆ ತಗ್ಗಿಸುವಂತಾಗಬಾರದೆಂದು' ಎಂದು ಇನ್‌ಸ್ಪೆಕ್ಟರ್ ಬರೆಸಿದರು.

ಜೀಪು ಹತ್ತುವಾಗ ಮುದುಕ ನಿಂತ. "ಸಾರ್, ಗುರುವಾರದೊಳಗೆ ಜಾಮೀನು ಸಿಗುತ್ತಾ?"

"ಕೇಳಿ ನೋಡೋಣ. ಯಾಕೆ?"

"ಅವಳು ಬರ್ತಾಳಲ್ಲ. ಕಂಬಳಿ ವಿಷಯ ನಾನೇ ಹೇಳ್ಬೇಕು."