ಹದಿನಾಲ್ಕು ಕಿರಣಗಳ ಸೂರ್ಯ

ಡಬ್ಬಿಯ ಮುಚ್ಚಳ ತೆಗೆದ ರುಕ್ಸಾನಳ ಕೈ ಅಲ್ಲೇ ನಿಂತಿತು. ಬಟ್ಟೆಯಲ್ಲಿ ಸುತ್ತಿದ್ದದ್ದು ಕ್ಯಾಮೆರಾದ ಲೆನ್ಸ್ ಅಲ್ಲ, ತೆಂಗಿನ ಚಿಪ್ಪು.

ತಿಪಟೂರಿನಲ್ಲಿ ಬಟ್ಟೆ ಹೊಲಿಯುವ ರುಕ್ಸಾನ ಪ್ರತಿ ಭಾನುವಾರ ತೋಂಟದಾರ್ಯ ಮೇಷ್ಟ್ರ ಜಗುಲಿಗೆ ಫೋಟೋಗ್ರಫಿ ಕಲಿಯಲು ಬರುತ್ತಿದ್ದಳು. ಊರಲ್ಲಿ ಏನು ಕಳೆದರೂ ಜನ ಮೊದಲು ಹುಡುಕಿಕೊಂಡು ಬರುತ್ತಿದ್ದುದು ಈ ನಿವೃತ್ತ ವಿಜ್ಞಾನ ಮೇಷ್ಟ್ರನ್ನೇ. ಅವರ ಬೀರುವಿನ ಒಂದೇ ಕೀಲಿ ರುಕ್ಸಾನಳ ಬಳಿ ಇರುತ್ತಿತ್ತು. ಅದರಲ್ಲಿಡುತ್ತಿದ್ದ ಲೆನ್ಸ್ ಅದೇ ಊರಿನ ಸುವರ್ಣಮ್ಮನವರ ತೀರಿಹೋದ ಯಜಮಾನರದು, ಕಲಿಯುವವರಿಗೆಂದು ಕೊಟ್ಟಿದ್ದರು. ಬೆಳಕಿನ ಕಿಂಡಿಯನ್ನು ಕಿರಿದು ಮಾಡಲು ಅದರೊಳಗೆ ಏಳು ರೆಕ್ಕೆಗಳಿದ್ದವು. ಅವಳ ಜೊತೆ ಕಲಿಯುತ್ತಿದ್ದ ಇಬ್ಬರಲ್ಲಿ ಯೋಗೀಶನ ಲೆನ್ಸಿಗೆ ಎಂಟು, ಉಮರ್ ಫಾರೂಖನದಕ್ಕೆ ಆರು. ಹಿಂದಿನ ಭಾನುವಾರದ ಪಾಠದಲ್ಲಿ ಎಲ್ಲರೂ ಎಣಿಸಿ ನೋಡಿದ್ದರು.

"ಕೀಲಿ ಇದ್ದಿದ್ದು ಒಬ್ರತ್ರಾನೇ ಅಲ್ವಾ" ಎಂದ ಕೊಬ್ಬರಿ ವ್ಯಾಪಾರಿ ಯೋಗೀಶ್.

ರುಕ್ಸಾನ ಕೀಲಿಯನ್ನು ಮೇಷ್ಟ್ರ ಮುಂದಿಟ್ಟಳು. ಅವರು ಅದನ್ನು ಅವಳತ್ತಲೇ ಸರಿಸಿದರು. "ಇಟ್ಕೊ ಕಣಮ್ಮ. ಹೋದ ವಾರ ಡಬ್ಬಿ ನಿನ್ ಕೈಗೆ ಹೆಂಗೆ ಬಂತು?"

"ಯೋಗೀಶಣ್ಣ ಲೆನ್ಸ್ ಒಳಗಿಟ್ರು. ಉಮರ್ ಡಬ್ಬಿ ತಂದ್ಕೊಟ್ಟ. ನಾನು ಬೀರುನಲ್ಲಿಟ್ಟು ಬೀಗ ಹಾಕ್ದೆ. ಆಮೇಲೆ ತೆಗೆದಿದ್ದು ಇವತ್ತೇ."

ಮೆಕ್ಯಾನಿಕ್ ಉಮರ್ ತಲೆ ತಗ್ಗಿಸಿ ಕೂತಿದ್ದ. ಮೇಷ್ಟ್ರು ಚಿಪ್ಪನ್ನು ಅಂಗೈಯಲ್ಲಿ ತೂಗಿ ನೋಡಿ, ಏನೂ ಆಗಿಲ್ಲವೆಂಬಂತೆ ಪಾಠ ಶುರು ಮಾಡಿದರು.

"ನಿನ್ನೆ ಗಾಳಿಗೆ ಕಿಬ್ಬನಹಳ್ಳಿ ರಸ್ತೆ ತೋಟದಲ್ಲಿ ನಮ್ದೊಂದು ತೆಂಗಿನ ಮರ ಬಿದ್ದೈತೆ. ಅದರ ಗರಿ ಅಂಚಲ್ಲಿ ಸೂರ್ಯನ್ನ ಅರ್ಧ ಮರೆಮಾಡಿ ತೆಗೀರಿ. ಅಪರ್ಚರ್, ಅಂದ್ರೆ ಲೆನ್ಸಿನ ಬೆಳಕಿನ ಕಿಂಡಿ, ಹದಿನಾರಕ್ಕೆ ಕಿರಿದು ಮಾಡಿದ್ರೆ ಸೂರ್ಯ ನಕ್ಷತ್ರದ ಹಂಗೆ ಕಿರಣ ಬಿಡ್ತಾನೆ. ಕ್ಯಾಮೆರಾದ ನೋಡೋ ಕಿಂಡೀಲಿ ಕಣ್ಣಿಡಬೇಡಿ, ಹಿಂದಿನ ಪರದೇಲಿ ನೋಡಿ. ಅವರವರ ಲೆನ್ಸಲ್ಲೇ ತೆಗೀಬೇಕು."

ಆ ವಾರ ರುಕ್ಸಾನಳ ಹೊಲಿಗೆ ನೆಟ್ಟಗೆ ಬೀಳಲಿಲ್ಲ. ಒಂದೇ ರವಿಕೆಯನ್ನು ಎರಡು ಸಲ ಬಿಚ್ಚಿ ಹೊಲಿದಳು. ಸುವರ್ಣಮ್ಮನವರಿಗೆ ಯಾವ ಮುಖ ತೋರಿಸಲಿ ಎಂಬುದೊಂದೇ ಯೋಚನೆ.

ಮುಂದಿನ ಭಾನುವಾರ ಸುವರ್ಣಮ್ಮನವರೂ ಬಂದು ಕೂತರು. ಮೇಷ್ಟ್ರು ಫೋಟೋಗಳನ್ನು ಮೇಜಿನ ಮೇಲೆ ಹರಡಿದರು.

"ಮೊದಲು ಚಿಪ್ಪಿನ ವಿಷಯ. ಕೀಲಿ ಇದ್ದೋಳು ಕದಿಯೋದಾದ್ರೆ ಖಾಲಿ ಡಬ್ಬಿ ಇಟ್ಟಿದ್ರೂ ಸಾಕಾಗಿತ್ತು. ಡಬ್ಬಿಗೆ ಭಾರ ಯಾಕೆ ಬೇಕು? ಅದನ್ನ ಕೈಗೆ ತಗೊಳ್ಳೋರಿಗೆ ಹಗುರ ಅನ್ನಿಸಬಾರದು ಅಂತ. ಅಂದ್ರೆ ಡಬ್ಬಿ ರುಕ್ಸಾನನ ಕೈ ಸೇರೋ ಮೊದ್ಲೇ ಲೆನ್ಸ್ ಹೋಗಿತ್ತು. ಉಳಿದೋರು ಇಬ್ರು. ಈಗ ಕಿರಣ ಎಣಿಸ್ರಪ್ಪ."

ಉಮರನ ಸೂರ್ಯನಿಗೆ ಆರು ಕಿರಣ. ಯೋಗೀಶನದನ್ನು ರುಕ್ಸಾನ ಬೆರಳಿಟ್ಟು ಎಣಿಸಿದಳು. ಹದಿನಾಲ್ಕು.

"ರೆಕ್ಕೆ ಸರಿಸಂಖ್ಯೆ ಆದ್ರೆ ಅಷ್ಟೇ ಕಿರಣ. ಬೆಸ ಆದ್ರೆ ಎರಡರಷ್ಟು. ಯೋಗೀಶ, ನಿನ್ ಲೆನ್ಸಿಗೆ ಎಂಟು ಕಿರಣ ಬರಬೇಕಿತ್ತು. ಹದಿನಾಲ್ಕು ಬರೋದು ಏಳು ರೆಕ್ಕೆಯದಕ್ಕೆ. ನಮ್ಮಲ್ಲಿ ಅಂಥದ್ದು ಇದ್ದಿದ್ದು ಒಂದೇ. ಲೆನ್ಸ್ ಹೋದ್ಮೇಲೆ ಬಿದ್ದ ಮರ ಇದು, ಹಳೇ ಫೋಟೋ ಅನ್ನೋಕೂ ಆಗಲ್ಲ. ಹೊಸ ಲೆನ್ಸಿನ ಹಂಗೆ ಹಳೇ ಲೆನ್ಸು ಫೋಟೋದ ಫೈಲಲ್ಲಿ ತನ್ನ ಹೆಸರು ಬರೆಯಲ್ಲ ಅಂತ ಧೈರ್ಯ ಮಾಡ್ದೆ ಅಲ್ವಾ?"

ಯೋಗೀಶ್ ತನ್ನ ಬ್ಯಾಗಿನಿಂದ ಲೆನ್ಸ್ ತೆಗೆದಿಟ್ಟ. "ಸ್ಪರ್ಧೆಗೆ ಕಳಿಸೋ ಆಸೆ ಇತ್ತು. ಕೇಳಿದ್ರೆ ಒಂದಿನಕ್ಕಷ್ಟೇ ಕೊಡ್ತಿದ್ರಿ. ತಪ್ಪಾಯ್ತು, ರುಕ್ಸಾನ."

ಸುವರ್ಣಮ್ಮ ಆ ಫೋಟೋವನ್ನೇ ನೋಡುತ್ತಿದ್ದರು. "ಅವರೂ ಹಿಂಗೇ ತೆಗೀತಿದ್ರು. ಎಷ್ಟು ವರ್ಷ ಆಗಿತ್ತು ಇಂಥದ್ದು ನೋಡಿ. ಕೇಳಿದ್ರೆ ನಾನೇ ಕೊಡ್ತಿದ್ದೆ ಕಣಪ್ಪ." ಅವರು ಲೆನ್ಸನ್ನು ಸೆರಗಿನಿಂದ ಒರೆಸಿ ರುಕ್ಸಾನಳ ಕೈಗಿಟ್ಟರು.

ಎಲ್ಲರೂ ಹೋದ ಮೇಲೆ ರುಕ್ಸಾನ ಕೇಳಿದಳು: "ಚಿಪ್ಪು ನೋಡಿದ್ಮೇಲೆ ನಾನಲ್ಲ ಅಂತ ಗೊತ್ತಾಯ್ತಾ, ಮೇಷ್ಟ್ರೇ?"

"ಇಲ್ಲ ಕಣಮ್ಮ. ನೀನಲ್ಲ ಅಂತ ಮೊದ್ಲೇ ಗೊತ್ತಿತ್ತು. ಬೇರೆಯೋರಿಗೆ ತೋರಿಸೋಕೆ ಚಿಪ್ಪು ಬೇಕಾಯ್ತು."

ರುಕ್ಸಾನ ಬಗ್ಗಿ ಅವರ ಕಾಲು ಮುಟ್ಟಿದಳು. ಮೇಷ್ಟ್ರು ಸಂಕೋಚದಿಂದ ಕಾಲು ಹಿಂದಕ್ಕೆಳೆದುಕೊಂಡು, ಸಂಜೆಯ ಬೆಳಕು ಚೆನ್ನಾಗಿದೆ, ಕ್ಯಾಮೆರಾ ತಗೋ ಎಂದರು.