ಒರೆಸಿಹೋದ ಸ್ಪರ್ಶರೇಖೆ

"ಚಿಕ್ಕಮ್ಮ, ಬೇಗ ಬಾ! ಗಣಿತದ ಮೇಡಂ ಅಳ್ತಾ ಇದ್ದಾರೆ!"

ನನ್ನ ಚಿಕ್ಕಮ್ಮ ನಮ್ಮ ಕಾಲೇಜಿನ ಲೈಬ್ರೇರಿಯನ್. ಏನು ಕಳೆದರೂ ಎಲ್ಲರೂ ಓಡಿಬರುತ್ತಿದ್ದುದು ಅವಳ ಬಳಿಗೇ. ಕನ್ನಡಕ ಏರಿಸಿಕೊಂಡು ನನ್ನ ಹಿಂದೆಯೇ ಹೊರಟಳು.

ಗಣಿತದ ಕೋಣೆಯ ಟಚ್ ಬೋರ್ಡ್ ಬೋಳಾಗಿತ್ತು. ನಿನ್ನೆ ಅದರಲ್ಲಿ ಮೇಡಂ ಬರೆದಿದ್ದ ವಕ್ರರೇಖೆಯ ಮೇಲೆ ಎರಡು ಚುಕ್ಕಿ, ಅವೆರಡನ್ನು ಸೇರಿಸುವ ಒಂದು ಗೆರೆ ಇದ್ದವು. ತಳದ ಸ್ಲೈಡರನ್ನು ಸೊನ್ನೆಯ ಕಡೆಗೆ ಎಳೆದರೆ ಚುಕ್ಕಿಗಳು ಹತ್ತಿರವಾಗಿ, ಗೆರೆ ವಕ್ರರೇಖೆಯನ್ನು ಬರೀ ಸವರುವ ಸ್ಪರ್ಶರೇಖೆಯಾಗಿ ನಿಲ್ಲುತ್ತಿತ್ತು. ಈಗ ಉಳಿದದ್ದು ಮೂಲೆಯ ದಿನಾಂಕ ಮತ್ತು ಆ ಸ್ಲೈಡರ್. ಅದೂ ಸೊನ್ನೆಗೆ ಕೂದಲೆಳೆಯಷ್ಟು ದೂರದಲ್ಲಿ.

"ಹಾಳು ಮಾಡಿದವರು ಸಿಗೋವರೆಗೂ ಕೋಣೆಗೆ ಬೀಗ," ಎಂದರು ಪ್ರಿನ್ಸಿಪಾಲರು.

"ಸರ್, ಮುಂದಿನ ವಾರ ಮಕ್ಕಳಿಗೆ ಪರೀಕ್ಷೆ!" ಎಂದರು ಮೇಡಂ.

ಎಲ್ಲರ ಕಣ್ಣು ಇಂದಿಗೂ ಕರಿಹಲಗೆಯಲ್ಲೇ ಗಣಿತ ಕಲಿಸುವ ಸೀಮೆಸುಣ್ಣದ ಮೇಷ್ಟ್ರ ಮೇಲೆ. ಟಚ್ ಬೋರ್ಡ್ ಎಂದರೆ ಅವರಿಗೆ ಮೊದಲಿನಿಂದಲೂ ಉರಿ.

"ನನ್ನನ್ಯಾಕೆ ನೋಡ್ತೀರಿ? ಆ ಡಬ್ಬಾನ ನಾನು ಕಣ್ಣೆತ್ತಿಯೂ ನೋಡಿಲ್ಲ. ಗೆರೆ ಕೆಂಪಗಾದ ಮಾತ್ರಕ್ಕೆ ಗಣಿತ ಬಂದ್ಬಿಡತ್ತಾ?"

ಚಿಕ್ಕಮ್ಮ ಮೇಡಂ ಕಡೆ ತಿರುಗಿದಳು. "ನಿನ್ನೆ ಕೊನೇಲಿ ಏನು ಸೇರಿಸಿದ್ರಿ?"

"ಸವರೋ ಹೊತ್ತಿಗೆ ಗೆರೆ ಕೆಂಪಾಗೋ ಹಾಗೆ ಮಾಡಿ ಮನೆಗೆ ಹೋದೆ. ಇನ್ನೂ ಯಾರಿಗೂ ತೋರಿಸಿಲ್ಲ."

"ಹಾಗಾದ್ರೆ ಎಲ್ಲರೂ ಕೂತ್ಕೊಳ್ಳಿ," ಎಂದಳು ಚಿಕ್ಕಮ್ಮ. ಕೂತೆವು.

"ಹಾಳು ಮಾಡೋಕೆ ಬಂದವರು ಸ್ಲೈಡರನ್ನ ಇಷ್ಟು ನಾಜೂಕಾಗಿ ಸೊನ್ನೆ ಹತ್ರ ತರಲ್ಲ. ಇವರು ಆಡಿ ನೋಡಿದ್ದಾರೆ. ಈ ಬೋರ್ಡ್ ಮೇಲೆ ಅಗಲವಾದದ್ದೇನು ಉಜ್ಜಿದ್ರೂ ಗೆರೆ ಅಳಿಸಿಹೋಗತ್ತೆ; ಆಮೇಲೆ ಹಾಗೇ ಉಜ್ಜಿ ಅಳಿಸಿದ್ದಾರೆ. ದಿನಾಂಕ ಮಾತ್ರ ಬಿಟ್ಟಿದ್ದಾರೆ. ಎಲ್ಲಾ ಒರೆಸಿ ದಿನಾಂಕ ಉಳಿಸೋದು ಯಾರ ಅಭ್ಯಾಸ? ಕರಿಹಲಗೆ ಮೇಷ್ಟ್ರದ್ದು. ಗೆರೆ ಕೆಂಪಾಗೋದು ಮೇಡಂ ಬಿಟ್ರೆ ಆಡಿ ನೋಡಿದವರಿಗೆ ಮಾತ್ರ ಗೊತ್ತು. ಆ ಕೆಂಪಿನ ಮಾತು ಈಗ ತಾನೇ ಆಡಿದ್ದು ನೀವು, ಅಲ್ವಾ ಮೇಷ್ಟ್ರೇ?"

ಮೇಷ್ಟ್ರ ಕಿವಿ ಕೆಂಪಾಯಿತು. ಜೇಬಿನಿಂದ ಡಸ್ಟರ್ ತೆಗೆದು ಮೇಜಿನ ಮೇಲಿಟ್ಟರು.

"ಮೂವತ್ತು ವರ್ಷ ಆ ಎರಡನೇ ಚುಕ್ಕಿನ ಹಲಗೆ ಮೇಲೆ ಓಡಿಸೋಕೆ ನನ್ನ ಕೈಲಾಗಲಿಲ್ಲ ಕಣಮ್ಮ. ನಿನ್ನೆ ಅದು ತಾನೇ ಓಡ್ತು. ಹೊತ್ತು ಹೋದದ್ದೇ ತಿಳೀಲಿಲ್ಲ. ಹೊರಡೋವಾಗ ಕೈ ತನ್ನಷ್ಟಕ್ಕೆ ತಾನೇ ಒರೆಸಿಬಿಡ್ತು. ಹೇಳೋಕೆ ನಾಚಿಕೆ ಆಯ್ತು."

ಮೇಡಂ ಅಳುತ್ತಲೇ ನಕ್ಕುಬಿಟ್ಟರು. "ಗೆರೆ ನಾನು ಮತ್ತೆ ಹಾಕ್ತೀನಿ. ಪಾಠ ನೀವು ಮಾಡಿ ಸರ್."

ಪ್ರಿನ್ಸಿಪಾಲರು ಬೀಗ ಜೇಬಿಗಿಳಿಸಿದರು.

ಅಂದು ಮೇಷ್ಟ್ರು ಸ್ಲೈಡರ್ ಎಳೆದು ಪಾಠ ಮಾಡಿದರು. ಗೆರೆ ಕೆಂಪಾದಾಗ ನಮಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಅವರೇ. ಗಂಟೆ ಹೊಡೆಯಿತು. ಅವರ ಕೈ ಮೆಲ್ಲಗೆ ಡಸ್ಟರಿನತ್ತ ಹೋಯಿತು.

"ಸರ್, ಬೇಡಾ!" ಇಡೀ ಕ್ಲಾಸು ಕೂಗಿತು.